ಪಾಳಿ

ಮುಧೋಳದ ಆಚಿ, ಫ್ಯಾಕ್ಟರಿ ಗೇಟಿನ ಮುಂದ
ಮೂರನೇ ರಾತ್ರಿ.
ನನ್ನ ಟೋಕನ್ ಎರಡುನೂರಾ ಹನ್ನೊಂದು,
ಸಿದರಾಯಂದು ಹನ್ನೆರಡು.
ಒಳಗ ಕರದದ್ದು ನೂರಾ ಅರವತ್ತರತನಾ.
ಕಾಕಂಬಿ ವಾಸನಿ ಮೈಗೆ ಅಂಟಿ
ತೊಳದರೂ ಹೋಗದಂಥಾ ಜನವರಿ.

ನಿದ್ದಿ ಹತ್ತಿದರ ಹಿಂದಿನವ ಮುಂದ ತೂರತಾನ.
ಅದಕ್ಕ ಗುಳಿಗಿ.
ಯಾವನೋ ಸಾಂಗ್ಲಿ ಕಡೆಯವ ತಂದಿದ್ದ,
ಹೆಸರಿಲ್ಲದ ಬಿಳೇ ಗುಳಿಗಿ, ಬೆಂಕಿಪೊಟ್ಟಣದಾಗ.
ನಾ ಅರ್ಧಾ. ಅವ ಒಂದು,
ನಡುರಾತ್ರಿಗೆ ಮತ್ತೊಂದು,
ಆಮ್ಯಾಲೆ ಎಷ್ಟೋ, ನಾ ಎಣಸಲಿಲ್ಲ.
ಎಣಸಬೇಕಾಗಿತ್ತು.

ಮೊದಲು ಮಾತು.
ಕುಡದವನ ಮಾತು ನೆಲಕ್ಕ ಜೋತು ಬೀಳತಾವ,
ಇವನವು ಮ್ಯಾಲಕ್ಕ ಹಾರಿದುವು:
ತಂಗಿ ಲಗ್ನ, ಎಂಜಿನ್ ಆಯಿಲ್ಲು,
ಸಣ್ಣಾಂವ ಇದ್ದಾಗ ಘಟಪ್ರಭಾದಾಗ ಈಜಿದ್ದು,
ಒಂದು ಮುಗಿಯೋದರೊಳಗ ಇನ್ನೊಂದು.
ನಾವು ನಕ್ಕಿವಿ.
ಆಮ್ಯಾಲೆ ದವಡಿ. ಕಬ್ಬಿಲ್ಲದ ಬಾಯಾಗ
ಗಾಣ ತಿರಗಿಧಂಗ ಹಲ್ಲು ಮಸದ.
ಟ್ರಾಲಿ ಸಂದ್ಯಾಗ ಯಾರೋ ನಿಂತಾರ ಅಂದ,
ಟೋಕನ್ ಕಸಗೊಳ್ಳಾಕ ಬಂದಾರ ಅಂದ,
ಜಾಕಿನ ರಾಡು ಹಿಡಕೊಂಡ.
ಆಗೂ ನಕ್ಕಿವಿ, ಸ್ವಲ್ಪ ಕಡಿಮಿ.

ಆ ಥಂಡ್ಯಾಗ ಅಂಗಿ ಕಳದ.
ಎದಿ ಹಿಡಕೊಂಡು ಟೈರಿಗೆ ಆತು ಕುಂತ.

ಯಾರೋ ಅಂದರು, ಗಾಳಿ ಹೊಡದೈತಿ.
ಯಾರೋ ಅಂದರು, ಏರೈತಿ, ಮಲಗಲಿ, ಮುಂಜಾನಿ ಇಳೀತೈತಿ.
ಚಾದಂಗಡಿ ಬೀಬಿಜಾನ ಸ್ಟೋವ್ ಆರಿಸಿ ಬಂದಳು.
ಹಣಿ ಮುಟ್ಟಿ, ಕಾದ ಹಂಚು ಮುಟ್ಟಿಧಂಗ ಕೈ ತಗದಳು.
ಮೊಬೈಲ್ ಬೆಳಕು ಹಿಡದು ಕಣ್ಣು ನೋಡಿದಳು:
ಬೆಳಕಿಗೆ ಸಣ್ಣದಾಗಬೇಕಾದ ಕರಿಗುಡ್ಡಿ
ಬಾವಿ ಬಾಯಿ ಹಂಗ ತಗದೇ ಇತ್ತು.
"ಇದು ಶೆರೆ ಅಲ್ಲ. ಏನ್ ತಿಂದಾನ?"

ಯಾರೂ ಮಾತಾಡಲಿಲ್ಲ.
ನನ್ನ ಎದ್ಯಾಗ ಅರ್ಧಾ ಗುಳಿಗಿ
ಹಲಗಿ ಬಾರಸತಿತ್ತು.

"ಆ ಟೇಪು ಬಂದ್ ಮಾಡ್ರಿ. ಹೆಡ್‌ಲೈಟು ಆರಸ್ರಿ.
ಸುತ್ತ ನಿಂದರಬ್ಯಾಡ್ರಿ, ಅಂವಗ ನೀವೆಲ್ಲಾ ಕಳ್ಳರ ಕಂಡಂಗ ಕಾಣತೀರಿ.
ಒಬ್ಬ ನೂರಾ ಎಂಟಕ್ಕ ಫೋನ್ ಹಚ್ಚು."
ಬೆದರಿದ ಎತ್ತಿಗೆ ಹೇಳೋ ದನಿಯಾಗ ಅವನಿಗೆ:
"ಯಾರೂ ಇಲ್ಲ ಮಗಾ. ರಾಡು ನನ್ನ ಕಡೆ ಕೊಡು.
ಟೋಕನ್ ನಿನ್ನ ಹಂತೇಕನ ಐತಿ."
ಕೊಟ್ಟ.

ಕ್ಯಾನಿನ ನೀರು, ಗೋಣಿತಟ್ಟು.
ಕೊಳ್ಳಿಗೆ, ಬಗಲಿಗೆ, ತೊಡಿ ಸಂದಿಗೆ.
ತಟ್ಟು ಕಾದಂಗ ಹಿಂಡಿ ಮತ್ತ ತೊಯ್ಸಿದೆ.

ಆಗ ಸೆಟಗೊಂಡ.
ಹಿಮ್ಮಡ ಮಣ್ಣು ಬಗೀತಿದ್ದುವು.
ಒಬ್ಬ ಕಬ್ಬಿಣದ ಕೀಲಿ ತಂದ, ಒಬ್ಬ ಉಳ್ಳಾಗಡ್ಡಿ,
ಮತ್ತೊಬ್ಬ ಹಲ್ಲಿನ ನಡುಕ ತುರುಕಾಕ ಚಮಚಾ.
ಎಲ್ಲಾರ ಕೈಗೂ ಹೊಡದಳು ಮುದುಕಿ.
"ಬಾಯಾಗ ಏನೂ ಇಡಬ್ಯಾಡ್ರಿ, ಹಿಡದು ಒತ್ತಬ್ಯಾಡ್ರಿ."
ತಲಿ ಕೆಳಗ ನನ್ನ ಸ್ವೆಟರ್ ಇಟ್ಟೆ.
ಸೆಟವು ಬಿಟ್ಟ ಕೂಡಲೇ ಮಗ್ಗಲಿಗೆ ಹೊಳ್ಳಿಸಿ
"ಉಸರು ಎಣಸು" ಅಂದಳು.
ಈ ಸಲ ಎಣಸಿದೆ.

ಅಂಬ್ಯುಲೆನ್ಸಿನಿಂದ ಇಳದ ಹುಡುಗೀದೂ ಅದೇ ಮಾತು:
ಏನ್ ತಿಂದಾನ? ಎಷ್ಟು? ಯಾವಾಗ?
ಎಲ್ಲಾರೂ ಕತ್ತಲಿ ಕಡೆ ನೋಡಿದರು.
ಪೊಲೀಸು, ಮಾಲಕ, ನಾಳಿನ ಕೆಲಸ,
ಎಲ್ಲಾ ಆ ಕತ್ತಲ್ಯಾಗ ಪಾಳಿ ಹಚ್ಚಿ ನಿಂತಿದ್ದುವು.
"ನಾ ಪೊಲೀಸ ಅಲ್ಲರಿ," ಅಂದಳು,
"ಗೊತ್ತಾದರ ಡಾಕ್ಟರಿಗೆ ದಾರಿ ಸಿಗತೈತಿ."
ಬೆಂಕಿಪೊಟ್ಟಣ ನನ್ನ ಕಿಸೆದಾಗ ಇತ್ತು.
ಈ ಹಂಗಾಮಿನಾಗ ನಾ ಹೊತ್ತದ್ದರಾಗ
ಅಷ್ಟು ಭಾರದ್ದು ಯಾವುದೂ ಇರಲಿಲ್ಲ,
ಹದಿನೆಂಟು ಟನ್ ಕಬ್ಬು ಸೈತ.
ಕೊಟ್ಟೆ. "ನಾನೂ ತಿಂದೇನಿ, ಅರ್ಧಾ."
ನಾಡಿ ಹಿಡದು ನೋಡಿದಳು. "ನೀನೂ ಹತ್ತು."

ಗಾಡಿ ಹೊಂಟಾಗ ಸ್ಪೀಕರಿನಾಗ
ಯಾವುದೋ ನಂಬರ್ ಕೂಗಿದರು. ನಮ್ಮದಲ್ಲ.

ಸಿದರಾಯ ಈಗ ಸಾವಕಾಶ ಮಾತಾಡತಾನ,
ಒಂದು ಮುಗದ ಮ್ಯಾಲೆ ಒಂದು.
ಕಿಡ್ನಿಗೆ ಪೆಟ್ಟು ಬಿದ್ದೈತಂತ,
ವಾರಕ್ಕೊಮ್ಮೆ ಬಾಗಲಕೋಟಿ ಬಸ್ಸು.
ಬೀಬಿಜಾನನ ಕೇಳಿದೆ, ನಿನಗ ಹೆಂಗ ಗೊತ್ತಿತ್ತಬೇ?
ಚಾ ಸೋಸಾಕತ್ತಿದ್ದಳು.
ಜಾಳಿಗಿ ಬಡದು, ಚಾಪುಡಿ ಚೆಲ್ಲಿ,
"ಎರಡು ಕಪ್ಪಿನ ಬಾಕಿ ಐತಿ ಅವಂದು" ಅಂದಳು.